ಮಾಲ್ಗುಡಿಗೆ ಬೀದಿ ಕೊಟ್ಟ ಊರು

ಹತ್ತು ಮಾವಿನಹಣ್ಣಿಗೆ ಹದಿನೈದು ಆಣೆಯಾದರೆ ನಾಲ್ಕು ಹಣ್ಣಿಗೆ ಎಷ್ಟು? ಐದನೇ ಇಯತ್ತೆಯ ಮಕ್ಕಳು ಬೆರಳು ಮಡಚಿ ಆರಾಣೆ ಎಂದು ಹೇಳಿಬಿಟ್ಟಾರು. ಆದರೆ ಸ್ವಾಮಿನಾಥನಿಗೆ ಈ ಲೆಕ್ಕ ಬಗೆಹರಿಯುವುದಿಲ್ಲ. ಅಂಕಿಗಳ ಬದಲು ಅವನ ತಲೆಯೊಳಗೆ ಹಣ್ಣಿನ ಬುಟ್ಟಿಯೇ ಬಂದು ಕೂತಿದೆ. ಮಾರುವವನು ಅಷ್ಟು ಬೆಲೆ ಹೇಳಿದ್ದು ನ್ಯಾಯವೇ? ಕೊಳ್ಳಲು ಬಂದವನು ಎಂಥವನು? ಯೋಚಿಸಿ ಯೋಚಿಸಿ ಕೊನೆಗೆ ಅಪ್ಪನನ್ನೇ ಕೇಳುತ್ತಾನೆ, ಹಣ್ಣು ಮಾಗಿದ್ದವೋ ಇಲ್ಲವೋ ಎಂದು. ಅಪ್ಪನಿಗೆ ಒಳಗೊಳಗೇ ನಗು, ಮುಖದ ಮೇಲೆ ಮಾತ್ರ ಗಡಸು. ಲೆಕ್ಕ ಮುಗಿಯುವ ಹೊತ್ತಿಗೆ ಹುಡುಗನ ಕಣ್ಣಲ್ಲಿ ನೀರು.

ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಪ್ರಕಟವಾಯಿತು. ಅರ್ಧ ಶತಮಾನದ ನಂತರ, 1986ರಲ್ಲಿ, ಶಂಕರ್ ನಾಗ್ ಅದನ್ನು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಭಾಗವಾಗಿ ದೂರದರ್ಶನಕ್ಕೆ ತಂದಾಗ ಆ ಗಡಸು ಮುಖದ ಅಪ್ಪನಾದವರು ಗಿರೀಶ್ ಕಾರ್ನಾಡ್. ಅವರು ನಾಟಕಕಾರರು, ನಟರು ಎಂಬುದು ಎಲ್ಲರಿಗೂ ಗೊತ್ತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಅವರು ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮಗನಿಗೆ ಮಾವಿನಹಣ್ಣಿನ ಲೆಕ್ಕ ಹೇಳಿಕೊಡಲು ಇದಕ್ಕಿಂತ ಯೋಗ್ಯ ತಂದೆ ಸಿಗುವುದು ಕಷ್ಟವಿತ್ತು. ಕಾರ್ನಾಡರ ಬಾಲ್ಯ ಕಳೆದದ್ದು ಶಿರಸಿಯಲ್ಲಿ. ನಿರ್ದೇಶಕ ಶಂಕರ್ ನಾಗ್ ಹುಟ್ಟಿದ್ದು 1954ರಲ್ಲಿ, ಹೊನ್ನಾವರದ ಬಳಿಯ ಮಲ್ಲಾಪುರದಲ್ಲಿ. ಹೀಗೆ ದೇಶವೆಲ್ಲ ಮೆಚ್ಚಿದ ಮಾಲ್ಗುಡಿಯ ಹಿಂದೆ ಉತ್ತರ ಕನ್ನಡ ಜಿಲ್ಲೆಯ ಪಾಲು ಸಣ್ಣದೇನಲ್ಲ.

ಮೊದಲಿಗೆ ಮಾಲ್ಗುಡಿ ಎಂಬ ಊರಿನ ವಿಚಾರ. ಮಲ್ಲೇಶ್ವರದ ತಲೆ, ಬಸವನಗುಡಿಯ ಬಾಲ ಸೇರಿಸಿ ನಾರಾಯಣ್ ಈ ಹೆಸರು ಕಟ್ಟಿದರು ಎಂಬ ಕಥೆ ಬೆಂಗಳೂರಿನಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ಕೇಳಲು ಚೆನ್ನಾಗಿದೆ. ಆದರೆ ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಹೇಳಿರುವುದು ಬೇರೆಯೇ. 1930ರ ಸೆಪ್ಟೆಂಬರಿನಲ್ಲಿ, ಅಜ್ಜಿ ನೋಡಿ ಹೇಳಿದ ಶುಭದಿನದಂದು, ಅವರು ಒಂದು ನೋಟ್‌ಬುಕ್ ಕೊಂಡು ತಂದು ಬರೆಯಲು ಕುಳಿತರು. ಆಗ ಕಣ್ಣೆದುರು ತೇಲಿ ಬಂದದ್ದು ಒಂದು ಪುಟ್ಟ ರೈಲು ನಿಲ್ದಾಣ, ಅದರ ಜತೆಗೇ ಮಾಲ್ಗುಡಿ ಎಂಬ ಹೆಸರು. ಊರು ಬಂದದ್ದು ಆಮೇಲೆ. ಸರಯೂ ನದಿ, ಮೆಂಪಿ ಕಾಡು, ಮಾರ್ಕೆಟ್ ರಸ್ತೆ, ಆಲ್ಬರ್ಟ್ ಮಿಷನ್ ಶಾಲೆ ಎಲ್ಲವೂ ಒಂದೊಂದಾಗಿ ನಿಲ್ದಾಣದ ಸುತ್ತ ಬಂದು ಸೇರಿಕೊಂಡವು.

ಆ ನೋಟ್‌ಬುಕ್ಕಿನ ಮುಂದೆ ಕುಳಿತಿದ್ದ ತರುಣನ ಶಾಲಾ ದಾಖಲೆಯನ್ನು ಇಂದಿನ ತಂದೆತಾಯಿ ನೋಡಿದರೆ ಗಾಬರಿಯಾದಾರು. ತಂದೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರು. ಮಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸು. ಹೇಗೋ 1930ರಲ್ಲಿ ಮಹಾರಾಜಾ ಕಾಲೇಜಿನಿಂದ ಪದವಿ ಕೈಗೆ ಬಂತು. ಚನ್ನಪಟ್ಟಣದಲ್ಲಿ ಮೇಷ್ಟರ ಕೆಲಸ ಸಿಕ್ಕಿತು, ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಬರೆದೇ ಬದುಕುತ್ತೇನೆಂದು ಹೊರಟವರ ಹಸ್ತಪ್ರತಿ ಲಂಡನ್ನಿನ ಪ್ರಕಾಶಕರಿಂದ ಮತ್ತೆ ಮತ್ತೆ ವಾಪಸು ಬಂತು. ಬೇಸತ್ತು, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಕಿಟ್ಟು ಪೂರ್ಣನಿಗೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದರಂತೆ. ಗೆಳೆಯ ಹಾಕಲಿಲ್ಲ. ಅದನ್ನು ಗ್ರಹಾಂ ಗ್ರೀನ್ ಎಂಬ ಲೇಖಕನ ಕೈಗಿತ್ತ. ಗ್ರೀನ್ ಓದಿ, ಮೆಚ್ಚಿ, ಪ್ರಕಾಶಕರನ್ನು ಒಪ್ಪಿಸಿದ. ನಾರಾಯಣಸ್ವಾಮಿ ಎಂಬ ಉದ್ದ ಹೆಸರನ್ನು ನಾರಾಯಣ್ ಎಂದು ಗಿಡ್ಡ ಮಾಡಿಸಿದವನೂ ಅವನೇ. ಆ ಗೆಳೆಯ ಕೊಂಚ ವಿಧೇಯನಾಗಿದ್ದಿದ್ದರೆ ಸ್ವಾಮಿಯೂ ಇಲ್ಲ, ಧಾರಾವಾಹಿಯೂ ಇಲ್ಲ.

ಸಿನಿಮಾದ ಮಟ್ಟಿಗೆ ನಾರಾಯಣ್ ಮೊದಲು ಕೈ ಸುಟ್ಟುಕೊಂಡದ್ದು ‘ದಿ ಗೈಡ್’ ಕಾದಂಬರಿಯಿಂದ. 1960ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿದ್ದ ಆ ಕೃತಿಯನ್ನು ದೇವಾನಂದ್ 1965ರಲ್ಲಿ ತೆರೆಗೆ ತಂದರು. ಹಿಂದಿಯಲ್ಲಿ ನಿರ್ದೇಶನ ವಿಜಯ್ ಆನಂದ್ ಅವರದು. ಜತೆಗೆ ಟ್ಯಾಡ್ ಡೇನಿಯಲೆವ್‌ಸ್ಕಿ ನಿರ್ದೇಶಿಸಿದ ಇಂಗ್ಲಿಷ್ ಚಿತ್ರವೂ ಇತ್ತು. ನಾರಾಯಣ್ ಚಿತ್ರತಂಡದವರನ್ನು ಮೈಸೂರಿನ ಸುತ್ತಮುತ್ತ ಕರೆದೊಯ್ದು ತಮ್ಮ ಕಲ್ಪನೆಯ ಊರಿಗೆ ಹೊಂದುವ ಜಾಗಗಳನ್ನೆಲ್ಲ ತೋರಿಸಿದರು. ತಂಡದವರು ಹೌದೌದು ಎಂದು ತಲೆಯಾಡಿಸಿದರು. ಚಿತ್ರೀಕರಣ ನಡೆದದ್ದು ಮಾತ್ರ ದೂರದ ರಾಜಸ್ಥಾನದಲ್ಲಿ! ಹಿಂದಿಯ ‘ಗೈಡ್’ ಅಪಾರ ಜನಪ್ರಿಯವಾಯಿತು, ಅದರ ಹಾಡುಗಳು ಇಂದಿಗೂ ಹಳತಾಗಿಲ್ಲ. ಆದರೆ ಲೇಖಕನಿಗೆ ತನ್ನ ಊರೇ ಕಳೆದುಹೋಗಿತ್ತು. ಆ ನೋವನ್ನು ಅವರು ನಗೆ ಬೆರೆಸಿ ‘ಮಿಸ್‌ಗೈಡೆಡ್ ಗೈಡ್’ ಎಂಬ ಪ್ರಬಂಧದಲ್ಲಿ ಬರೆದಿಟ್ಟಿದ್ದಾರೆ. ಸಿನಿಮಾದ ಬಗ್ಗೆ ಆಸಕ್ತಿಯಿರುವ ಕಾಲೇಜು ವಿದ್ಯಾರ್ಥಿಗಳು ಹುಡುಕಿ ಓದಬೇಕಾದ ಬರಹ ಅದು.

ಕನ್ನಡದವರು ಮಾಲ್ಗುಡಿಯ ಬಾಗಿಲು ತಟ್ಟಿದ್ದು ಧಾರಾವಾಹಿಗಿಂತ ಮೂರು ವರ್ಷ ಮೊದಲೇ. 1983ರಲ್ಲಿ ಟಿ.ಎಸ್. ನಾಗಾಭರಣ ‘ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್’ ಕಾದಂಬರಿಯನ್ನು ‘ಬ್ಯಾಂಕರ್ ಮಾರ್ಗಯ್ಯ’ ಮಾಡಿದರು. ಲೋಕೇಶ್ ಮಾರ್ಗಯ್ಯನಾದರು. ಆ ಚಿತ್ರದ ಬಗ್ಗೆ ಬೇರೆಯೇ ಬರೆಯಬೇಕು.

ಅಂತೂ ನಿರ್ಮಾಪಕ ಟಿ.ಎಸ್. ನರಸಿಂಹನ್ ಮತ್ತು ಶಂಕರ್ ನಾಗ್ ಮಾಲ್ಗುಡಿಯ ಕಥೆಗಳನ್ನು ಕೈಗೆತ್ತಿಕೊಂಡಾಗ ಅವರೆದುರು ಇದ್ದ ದೊಡ್ಡ ಪ್ರಶ್ನೆ ನಟರದಲ್ಲ, ಊರಿನದು. ಓದುಗರು ಐವತ್ತು ವರ್ಷ ಮನಸ್ಸಿನಲ್ಲೇ ಓಡಾಡಿದ ಊರನ್ನು ಎಲ್ಲಿ ನಿಲ್ಲಿಸುವುದು? ಕಥೆಯ ಕಾಲ 1930ರ ಆಚೀಚೆ. ಸಿಮೆಂಟಿನ ಮಹಡಿ, ಬಣ್ಣದ ಜಾಹೀರಾತು, ತಂತಿಗಳ ಜಾಲ ಕಣ್ಣಿಗೆ ಬೀಳಬಾರದು. ಸ್ಟುಡಿಯೋದಲ್ಲಿ ರಟ್ಟಿನ ಬೀದಿ ಕಟ್ಟಬಹುದಿತ್ತು. ಅವರು ಹಾಗೆ ಮಾಡದೆ ಘಟ್ಟದ ತುದಿಯ ಒಂದು ಊರಿಗೆ ಹೋದರು. ಅದೇ ತೀರ್ಥಹಳ್ಳಿ ತಾಲೂಕಿನ ಆಗುಂಬೆ.

ಜೋಯಿಡಾ ತಾಲೂಕಿನ ಅನಮೋಡವನ್ನು ಬಲ್ಲವರಿಗೆ ಆಗುಂಬೆಯನ್ನು ವಿವರಿಸುವುದು ಸುಲಭ. ಎರಡೂ ಘಟ್ಟದ ಬಾಯಲ್ಲಿ ಕೂತ ಊರುಗಳು. ಅನಮೋಡದಿಂದ ರಸ್ತೆ ಗೋವೆಯ ಮೊಲೆಮ್ ಕಡೆಗೆ ಇಳಿದರೆ ಆಗುಂಬೆಯಿಂದ 14 ತಿರುವುಗಳಲ್ಲಿ ಸೋಮೇಶ್ವರಕ್ಕೆ ಇಳಿಯುತ್ತದೆ. ಎರಡೂ ಕಡೆ ತನಿಖಾ ಗೇಟು, ಗೇಟಿನ ಮುಂದೆ ನಿಂತ ಲಾರಿಗಳು, ಸುತ್ತ ಕಾಡು, ಮಳೆಗಾಲದಲ್ಲಿ ಎದುರಿಗಿದ್ದವರ ಮುಖವೂ ಕಾಣದಂಥ ಮಂಜು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಊರುಗಳನ್ನು ದಾರಿಹೋಕರು ಚಹಾ ಕುಡಿಯುವಷ್ಟು ಹೊತ್ತು ಮಾತ್ರ ನೋಡುತ್ತಾರೆ. ಶಂಕರ್ ನಾಗ್ ತಂಡ ಇಳಿದು ನಿಂತಿತು.

ಅವರಿಗೆ ಅಲ್ಲಿ ಸಿಕ್ಕಿದ್ದು ನೇರವಾದ ಒಂದು ಬೀದಿ. ಇಕ್ಕೆಲಗಳಲ್ಲಿ ಹಂಚಿನ ಮಾಡು ಇಳಿಬಿಟ್ಟ ಮನೆಗಳು, ಮರದ ಕಂಬ, ಕೂತು ಹರಟೆ ಹೊಡೆಯಲು ಜಗಲಿ. ಬೀದಿಯಲ್ಲೇ ಇದ್ದ, ಊರವರು ‘ದೊಡ್ಡಮನೆ’ ಎಂದು ಕರೆಯುವ ಶತಮಾನ ದಾಟಿದ ತೊಟ್ಟಿಮನೆ ಸ್ವಾಮಿಯ ಮನೆಯಾಯಿತು. ನಡುವಿನ ಅಂಗಳಕ್ಕೆ ಮೇಲಿಂದ ಬೀಳುವ ಬೆಳಕು, ಸುತ್ತ ಓಡಾಡಲು ಕೈಸಾಲೆ, ಕತ್ತಲೆ ಕೋಣೆಗಳು. ‘ಎ ಹೀರೋ’ ಕಥೆಯಲ್ಲಿ ಅಪ್ಪ ಧೈರ್ಯದ ಪಾಠ ಹೇಳಿ ಸ್ವಾಮಿಯನ್ನು ಆಫೀಸು ಕೋಣೆಯಲ್ಲಿ ಒಬ್ಬನನ್ನೇ ಮಲಗಿಸುತ್ತಾನಲ್ಲ, ಆ ಹುಡುಗನ ಭಯಕ್ಕೆ ಬೇಕಾದ ಕತ್ತಲೆಯನ್ನು ಇಂಥ ಮನೆ ತಾನಾಗಿಯೇ ಕೊಡುತ್ತದೆ. ಇದು ಸೆಟ್ಟು ಕಟ್ಟುವವರಿಗೆ ಸುಲಭವಾಗಿ ಒದಗುವ ವಸ್ತುವಲ್ಲ. ಊರಿನ ಜನವೂ ಪರದೆಯ ಮೇಲೆ ಸಂತೆಯವರಾಗಿ, ದಾರಿಹೋಕರಾಗಿ ಬಂದುಹೋದರು.

ಕಲಾ ನಿರ್ದೇಶನ ಶಿಲ್ಪಿ ಜಾನ್ ದೇವರಾಜ್ ಅವರದು. ಮಾಲ್ಗುಡಿಗೆ ಬೇಕಾದ ಅಂಗಡಿ, ಫಲಕಗಳನ್ನೆಲ್ಲ ಇದ್ದ ಊರಿನ ಮೇಲೆ ಹೊಂದಿಸುವುದು ಅವರ ಪಾಲಿನ ಕೆಲಸ. ಅವುಗಳಲ್ಲಿ ಮುಖ್ಯವಾದದ್ದು ಸರ್ ಫ್ರೆಡರಿಕ್ ಲಾಲಿ ಸಾಹೇಬರ ಪ್ರತಿಮೆ. ನಾರಾಯಣರ ‘ಲಾಲಿ ರೋಡ್’ ಕಥೆ ಓದಿದವರಿಗೆ ಈ ಸಾಹೇಬರು ಗೊತ್ತು. ಸ್ವಾತಂತ್ರ್ಯ ಬಂದ ಹುರುಪಿನಲ್ಲಿ ಮಾಲ್ಗುಡಿಯ ಮುನಿಸಿಪಾಲಿಟಿ ರಸ್ತೆಗಳಿಗೆಲ್ಲ ಹೊಸ ಹೆಸರಿಟ್ಟು, ಪರಂಗಿಯವನ ಪ್ರತಿಮೆ ಏಕೆ ಎಂದು ಕೀಳಿಸುತ್ತದೆ. ಕಿತ್ತ ಪ್ರತಿಮೆಯನ್ನು ಒಬ್ಬ ಪತ್ರಕರ್ತ ಮನೆಗೆ ಎಳೆದೊಯ್ಯುತ್ತಾನೆ. ಆಮೇಲೆ ತಿಳಿಯುತ್ತದೆ, ಈ ಲಾಲಿ ಸಾಹೇಬ ಪ್ರಜೆಗಳ ಹಿತಕ್ಕಾಗಿ ದುಡಿದವನು, ಊರನ್ನು ಕಟ್ಟಿದವನೇ ಇವನು! ಈಗ ಪ್ರತಿಮೆ ವಾಪಸು ಬೇಕು, ಆದರೆ ಅದನ್ನು ಮನೆಯಿಂದ ಹೊರತೆಗೆಯುವುದು ಹೇಗೆ? ಸ್ಥಳನಾಮ ಬದಲಾವಣೆಯ ಚರ್ಚೆ ಎದ್ದಾಗಲೆಲ್ಲ ಈ ಕಥೆಯನ್ನು ಶಾಲೆಯಲ್ಲಿ ಗಟ್ಟಿಯಾಗಿ ಓದಿಸಬಹುದು.

ಒಂದು ಮಾತನ್ನು ಮುಚ್ಚಿಡಬೇಕಿಲ್ಲ. ಪುಸ್ತಕದ ಮಾಲ್ಗುಡಿ ಮಲೆನಾಡಲ್ಲ. ಅದು ಬಯಲುಸೀಮೆಯ ಒಂದು ಮಧ್ಯಮ ಪಟ್ಟಣ. ಅಲ್ಲಿ ಬ್ಯಾಂಕಿದೆ, ಕೋರ್ಟಿದೆ, ಮುದ್ರಣಾಲಯವಿದೆ, ಬಿಸಿಲಿದೆ. ಆಗುಂಬೆಯ ಹಸಿರು, ಪಾಚಿ ಹಿಡಿದ ಗೋಡೆ, ಇಳಿಜಾರು ಮಾಡು ನಾರಾಯಣರ ಪುಟಗಳಲ್ಲಿ ಸಿಗುವುದಿಲ್ಲ. ಹಾಗೆ ನೋಡಿದರೆ ಶಂಕರ್ ನಾಗ್ ಕೂಡ ಊರನ್ನು ಬದಲಾಯಿಸಿದವರೇ. ಆದರೂ ಲೇಖಕರು ‘ಗೈಡ್’ ಬಗ್ಗೆ ಬರೆದಂಥ ದೂರನ್ನು ಈ ಧಾರಾವಾಹಿಯ ಬಗ್ಗೆ ಬರೆಯಲಿಲ್ಲ, ಸಂತೋಷವನ್ನೇ ಸೂಚಿಸಿದರು. ರಾಜಸ್ಥಾನದ ಅರಮನೆಗಳು ಕಣ್ಣು ಕೋರೈಸುತ್ತವೆ, ಅವುಗಳ ಮುಂದೆ ಕಥೆಯ ಜನ ಸಣ್ಣವರಾಗುತ್ತಾರೆ. ಆಗುಂಬೆಯ ಬೀದಿ ತನ್ನ ಕಡೆಗೆ ನೋಡಿ ಎನ್ನುವುದಿಲ್ಲ. ಅಂಚೆಯವನು ಹೆಗಲಿಗೆ ಚೀಲ ಹಾಕಿಕೊಂಡು ಬಂದರೆ ಜನ ನೋಡುವುದು ಅಂಚೆಯವನನ್ನು. ನಾರಾಯಣರ ಬರವಣಿಗೆಯ ಗುಣವೂ ಅದೇ ಅಲ್ಲವೇ?

ಕ್ಯಾಮೆರಾ ಹಿಡಿದವರು ‘ಘಟಶ್ರಾದ್ಧ’ದ ಎಸ್. ರಾಮಚಂದ್ರ. ಮಲೆನಾಡಿನ ಮನೆಯ ಒಳಗಿನ ಬೆಳಕು ಅವರಿಗೆ ಹೊಸದಾಗಿರಲಿಲ್ಲ. ಸ್ವಾಮಿಯ ತಾಯಿಯಾದ ವೈಶಾಲಿ ಕಾಸರವಳ್ಳಿಯವರ ಪತಿ ಗಿರೀಶ್ ಕಾಸರವಳ್ಳಿ ಅದೇ ತೀರ್ಥಹಳ್ಳಿ ತಾಲೂಕಿನವರು. ಸಂಗೀತ ಎಲ್. ವೈದ್ಯನಾಥನ್ ಅವರದು. ಪಿಟೀಲು ವಿದ್ವಾಂಸರ ಮನೆತನದ ಅವರು ಶೀರ್ಷಿಕೆಗೆ ಕೊಟ್ಟದ್ದು ಮಾತೇ ಇಲ್ಲದ, ಮಕ್ಕಳೂ ಗುನುಗಬಹುದಾದ ಒಂದು ಧಾಟಿ. ಭಾಷೆಯ ಹಂಗಿಲ್ಲದ್ದರಿಂದಲೇ ಅದು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಎಲ್ಲರ ಬಾಯಲ್ಲೂ ಕೂತಿತು. ಆ ಧಾಟಿಯ ಜತೆ ಮೂಡುತ್ತಿದ್ದ ರೇಖಾಚಿತ್ರಗಳು ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದವು. ಅಣ್ಣ ಅಕ್ಷರದಲ್ಲಿ ಕಟ್ಟಿದ ಊರಿಗೆ ತಮ್ಮ ಗೆರೆಯಲ್ಲಿ ಬಾಗಿಲಿಟ್ಟಂತಾಯಿತು.

ಭಾಷೆಯ ಸಂಗತಿ ಸ್ವಲ್ಪ ವಿಚಿತ್ರ. ಮೂಲ ಕಥೆ ಇಂಗ್ಲಿಷಿನದು. ಊರು, ನಿರ್ದೇಶಕ, ಛಾಯಾಗ್ರಾಹಕ, ಬಹುಪಾಲು ನಟರು ಕನ್ನಡದವರು. ಪರದೆಯ ಮೇಲೆ ಆಡಿದ ಮಾತು ಹಿಂದಿ, ಅದನ್ನು ಬರೆದವರು ಹಿಂದಿಯ ವಿನೋದ ಸಾಹಿತಿ ಶರದ್ ಜೋಶಿ. ಆರಂಭದ ಕಂತುಗಳನ್ನು ಇಂಗ್ಲಿಷಿನಲ್ಲೂ ತಯಾರಿಸಲಾಯಿತು. ಅಂದರೆ ಪುಟ್ಟ ಮಂಜುನಾಥ ಒಂದೇ ಅಳುವನ್ನು ಎರಡೆರಡು ಭಾಷೆಯಲ್ಲಿ ಅಳಬೇಕಾಗಿತ್ತು. ಕನ್ನಡದ ನೆಲದಲ್ಲೇ ಬೆಳೆದ ಸ್ವಾಮಿ ಕನ್ನಡ ಮಾತಾಡಲು ಬಹುಕಾಲ ಕಾಯಬೇಕಾಯಿತು. ಡಬ್ಬಿಂಗ್ ಬೇಡವೆಂಬ ಚಿತ್ರರಂಗದ ಹಳೆಯ ಪಟ್ಟು ಸಡಿಲವಾದ ಮೇಲಷ್ಟೇ ಕನ್ನಡದ ಆವೃತ್ತಿ ಕಿರುತೆರೆಗೆ ಬಂತು.

ಶಂಕರ್ ನಾಗ್ ಆ ದಿನಗಳಲ್ಲಿ ಎಷ್ಟು ಕೆಲಸ ಮೈಮೇಲೆ ಹಾಕಿಕೊಂಡಿದ್ದರೆಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಜನಪ್ರಿಯ ಚಿತ್ರಗಳ ನಾಯಕ, ನಾಟಕದ ತಂಡ, ‘ಸಂಕೇತ್’ ಧ್ವನಿಮುದ್ರಣ ಸ್ಟುಡಿಯೋ, ನಡುವೆ ಬೆಂಗಳೂರಿಗೆ ಮೆಟ್ರೋ ರೈಲು ಬೇಕೆಂಬ ಹಂಬಲ. ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದ ಈ ಮನುಷ್ಯ, ಧಾರಾವಾಹಿಗೆ ಮಾತ್ರ ಜತೆಗಾರರ ಪಡೆಯನ್ನೇ ಕಟ್ಟಿದರು. ರಮೇಶ್ ಭಟ್, ಅರುಂಧತಿ ನಾಗ್ ಜತೆಗಿದ್ದರು. ಅಣ್ಣ ಅನಂತ್ ನಾಗ್ ‘ದಿ ವೆಂಡರ್ ಆಫ್ ಸ್ವೀಟ್ಸ್’ನ ಮಿಠಾಯಿ ಅಂಗಡಿಯ ಜಗನ್ ಆದರು. ಮಗನಿಗಾಗಿ ಹಣ ಕೂಡಿಟ್ಟ ತಂದೆ, ತಂದೆಯೊಡನೆ ನಾಲ್ಕು ಮಾತೂ ಆಡದ ಮಗ. ಅಮೆರಿಕಕ್ಕೆ ಹೋಗಿ ಬಂದವನು ಕಥೆ ಬರೆಯುವ ಯಂತ್ರದ ಕಾರ್ಖಾನೆ ಹಾಕುತ್ತೇನೆ, ದುಡ್ಡು ಕೊಡು ಎನ್ನುತ್ತಾನೆ. ನಾರಾಯಣ್ ಇದನ್ನು 1967ರಲ್ಲೇ ತಮಾಷೆಗೆಂದು ಬರೆದಿದ್ದರು. ಈಗ ಯಂತ್ರಗಳು ನಿಜವಾಗಿಯೂ ಕಥೆ ಬರೆಯತೊಡಗಿವೆ, ತಂದೆ ಮಕ್ಕಳ ನಡುವಿನ ಮೌನವೇನೂ ಕಡಿಮೆಯಾದಂತಿಲ್ಲ.

ತಂದೆತಾಯಿಗಳು ತಪ್ಪದೆ ನೋಡಬೇಕಾದ ಇನ್ನೊಂದು ಕಂತು ‘ತಿಂಗಳಿಗೆ ನಲವತ್ತೈದು ರೂಪಾಯಿ’ಯ ಕಥೆ. ಗುಮಾಸ್ತ ವೆಂಕಟರಾಯ ಪುಟ್ಟ ಮಗಳಿಗೆ ಸಾಯಂಕಾಲ ಸಿನಿಮಾಕ್ಕೆ ಕರೆದೊಯ್ಯುವ ಮಾತು ಕೊಟ್ಟಿದ್ದಾನೆ. ಅವಳು ಶಾಲೆಯಿಂದ ಓಡಿ ಬಂದು, ಒಳ್ಳೆಯ ಫ್ರಾಕು ತೊಟ್ಟು, ಜಡೆ ಹೆಣೆಸಿಕೊಂಡು ಬಾಗಿಲಲ್ಲಿ ಕಾಯುತ್ತಾಳೆ. ಕಚೇರಿಯಲ್ಲಿ ಮೇಲಧಿಕಾರಿ ಬಿಡುವುದಿಲ್ಲ. ಈ ಜೀತ ಸಾಕೆಂದು ಆತ ರಾಜೀನಾಮೆ ಬರೆದೇ ಬಿಡುತ್ತಾನೆ. ಅಷ್ಟರಲ್ಲಿ ಸಂಬಳ ನಲವತ್ತರಿಂದ ನಲವತ್ತೈದಕ್ಕೆ ಏರಿದ ಸುದ್ದಿ. ಐದು ರೂಪಾಯಿಗೆ ಸಿಟ್ಟು ಕರಗುತ್ತದೆ. ಮನೆಗೆ ಬಂದಾಗ ಮಗಳು ತೊಟ್ಟ ಬಟ್ಟೆಯಲ್ಲೇ ನಿದ್ದೆ ಹೋಗಿದ್ದಾಳೆ. ಈ ವೆಂಕಟರಾಯನ ಪಾತ್ರ ಮಾಡಿದವರು ವಿಷ್ಣುವರ್ಧನ್! ‘ನಾಗರಹಾವು’ ಚಿತ್ರದ ರಾಮಾಚಾರಿಯಾಗಿ ಸಿಡಿದೆದ್ದಿದ್ದ, ಆಗ ಕನ್ನಡದ ಮುಂಚೂಣಿಯ ನಾಯಕರಾಗಿದ್ದ ಅವರು ಇಲ್ಲಿ ತಲೆ ತಗ್ಗಿಸಿದ ಗುಮಾಸ್ತ. ಹೊಡೆದಾಟವಿಲ್ಲ, ಹಾಡಿಲ್ಲ. ಒಂದು ಕಂತಿನಷ್ಟೇ ಅವಧಿಯ ಪಾತ್ರ. ದೊಡ್ಡ ನಟರನ್ನು ಸಣ್ಣ ಪಾತ್ರಕ್ಕೆ ಒಪ್ಪಿಸುವುದು ಎಲ್ಲ ನಿರ್ದೇಶಕರಿಗೂ ಸಾಧ್ಯವಾಗುವುದಿಲ್ಲ.

ಇಷ್ಟಾದರೂ ಜನರ ಮನಸ್ಸಿನಲ್ಲಿ ನಿಂತದ್ದು ಹತ್ತರ ಆಸುಪಾಸಿನ ಮಾಸ್ಟರ್ ಮಂಜುನಾಥ್. ಟೋಪಿ, ಕೋಟು, ಹಣೆಯ ಮೇಲೆ ನಾಮ, ಬಗಲಲ್ಲಿ ಪುಸ್ತಕ. ಸ್ವಾಮಿಯ ಎಂಟು ಕಂತುಗಳನ್ನು ಜೋಡಿಸಿ ‘ಸ್ವಾಮಿ’ ಎಂಬ ಚಲನಚಿತ್ರವಾಗಿಯೂ ಹೊರತರಲಾಯಿತು. 1986ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಶ್ರೇಷ್ಠ ಮಕ್ಕಳ ಚಿತ್ರ, ಮಂಜುನಾಥ್ ಶ್ರೇಷ್ಠ ಬಾಲನಟ. ಅದರ ಹಿಂದಿನ ವರ್ಷ ಅದೇ ಪ್ರಶಸ್ತಿ ಪಡೆದವನು ‘ಬೆಟ್ಟದ ಹೂವು’ ಚಿತ್ರದಲ್ಲಿ ಪುಸ್ತಕಕ್ಕಾಗಿ ಕಾಡು ಅಲೆಯುವ ರಾಮು, ಅಂದರೆ ಪುನೀತ್ ರಾಜ್‌ಕುಮಾರ್. ಸಾಲಾಗಿ ಎರಡು ವರ್ಷ ಕನ್ನಡದ ಇಬ್ಬರು ಹುಡುಗರು, ಇಬ್ಬರೂ ಕಥೆಯ ಪುಸ್ತಕದೊಳಗಿಂದಲೇ ಎದ್ದು ಬಂದವರು.

ಮುಂದಿನ ಕಥೆ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಮಂಜುನಾಥ್ ಮುಂಬಯಿಗೂ ಹೋದರು. 1990ರ ‘ಅಗ್ನಿಪಥ್’ನಲ್ಲಿ ಅಮಿತಾಭ್ ಬಚ್ಚನ್ ಪಾತ್ರದ ಬಾಲ್ಯವನ್ನು ನಿರ್ವಹಿಸಿದವರು ಅವರೇ. ಇನ್ನು ನಾಯಕನಾಗುವುದೊಂದೇ ಬಾಕಿ ಎಂದು ಎಲ್ಲರ ಎಣಿಕೆ. ಆದರೆ ಹತ್ತೊಂಬತ್ತರ ಹೊತ್ತಿಗೆ ಅವರು ನಟನೆ ನಿಲ್ಲಿಸಿ ಓದಿನ ಕಡೆ ತಿರುಗಿದರು, ಆಮೇಲೆ ಬೇರೆ ಉದ್ಯೋಗ ಹಿಡಿದರು. ಲೆಕ್ಕ ಬಾರದೆ ಅತ್ತ ಸ್ವಾಮಿ ಶಾಲೆಯಿಂದ ಓಡಿಹೋದ, ಸ್ವಾಮಿಯಾದ ಹುಡುಗ ಕಾಲೇಜಿಗೆ ಓಡಿಹೋದ.

ಕಥೆಯಲ್ಲಿ ಸ್ವಾಮಿಯ ಓಟ ತಮಾಷೆಯದೇನಲ್ಲ. ಎಂ.ಸಿ.ಸಿ. ಎಂದು ಹೆಸರಿಟ್ಟುಕೊಂಡ ಕ್ರಿಕೆಟ್ ತಂಡ, ಪಂದ್ಯಕ್ಕೆ ಅಭ್ಯಾಸ ಮಾಡಲು ಬಿಡದ ಶಾಲೆ, ಬೆತ್ತ ಎತ್ತಿದ ಹೆಡ್‌ಮಾಸ್ಟರು. ಹುಡುಗ ಬೆತ್ತ ಕಿತ್ತೆಸೆದು ಓಡುತ್ತಾನೆ, ಕಾಡಿನ ದಾರಿಯಲ್ಲಿ ತಪ್ಪಿಸಿಕೊಳ್ಳುತ್ತಾನೆ. ಮನೆಯಲ್ಲಿ ತಾಯಿ, ಅಜ್ಜಿ ಊಟ ಬಿಟ್ಟು ಕೂತಿದ್ದಾರೆ. ಅಷ್ಟು ಹೊತ್ತು ಗಡಸಾಗಿದ್ದ ಅಪ್ಪ ಕತ್ತಲಲ್ಲಿ ಹುಡುಕುತ್ತ ನದಿಯ ಕಡೆಗೂ, ರೈಲು ಹಳಿಯ ಕಡೆಗೂ ಹೋಗುತ್ತಾನೆ. ಅಲ್ಲಿಗೇ ಏಕೆ ಹೋದ ಎಂಬುದನ್ನು ನಾರಾಯಣ್ ಬಿಡಿಸಿ ಹೇಳುವುದಿಲ್ಲ. ಮಕ್ಕಳ ಫಲಿತಾಂಶದ ದಿನ ಮನೆಯಲ್ಲಿ ಕೂತು ಕಾಯ್ದ ಯಾವ ತಂದೆಗೂ ಹೇಳಬೇಕಾಗಿಲ್ಲ. ಕಾರ್ನಾಡರ ಆಯ್ಕೆ ಸಾರ್ಥಕವಾದದ್ದು ಇಲ್ಲಿ. ಗಣಿತದ ಸಿಟ್ಟನ್ನು ಯಾರಾದರೂ ಅಭಿನಯಿಸಬಹುದು. ಆ ಸಿಟ್ಟಿನ ಕೆಳಗೆ ಮೊದಲಿನಿಂದಲೂ ಇದ್ದ ಅಂಜಿಕೆಯನ್ನು ಮಾತಿಲ್ಲದೆ ಕಾಣಿಸುವುದು ಅಷ್ಟು ಸುಲಭವಲ್ಲ.

ಧಾರಾವಾಹಿ ತಯಾರಾದ ವರ್ಷವೇ, ಎಂದರೆ 1986ರಲ್ಲಿ, ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡರು. ಮೂರು ವರ್ಷದ ಮೇಲೆ, 1989ರಲ್ಲಿ, ಮೊದಲ ಬಾರಿಗೆ ಮಾತಾಡಲು ಎದ್ದು ನಿಂತಾಗ ಎಂಬತ್ತೆರಡು ದಾಟಿದ ಆ ಹಿರಿಯ ಎತ್ತಿಕೊಂಡ ವಿಷಯ ಶಾಲಾ ಮಕ್ಕಳ ಬೆನ್ನಿನ ಚೀಲ. ಬೆಳಗ್ಗೆ ಎಬ್ಬಿಸಿ, ತೂಕದ ಚೀಲ ಹೊರಿಸಿ, ಸಂಜೆ ಬಂದೊಡನೆ ಮನೆಪಾಠಕ್ಕೆ ಕೂರಿಸಿದರೆ ಮಗುವಿಗೆ ಕನಸು ಕಾಣಲು ಹೊತ್ತೆಲ್ಲಿ ಎಂಬುದು ಅವರ ಅಳಲು. ಹೊರೆಯಿಂದ ಮಕ್ಕಳ ಬೆನ್ನು ಬಾಗಿ ನಡಿಗೆಯೇ ಕೆಟ್ಟುಹೋಗುತ್ತಿದೆ ಎಂದರು. ಮಾತು ಗಾಳಿಯಲ್ಲಿ ಹೋಗಲಿಲ್ಲ. 1992ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಯಶಪಾಲ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು, 1993ರಲ್ಲಿ ‘ಹೊರೆಯಿಲ್ಲದ ಕಲಿಕೆ’ ಎಂಬ ಅರ್ಥದ ಹೆಸರಿನ ವರದಿ ಬಂತು. ಚೀಲದ ಭಾರಕ್ಕಿಂತ ಅರ್ಥವಾಗದ ಪಾಠದ ಭಾರವೇ ಹೆಚ್ಚು ಎಂದಿತು ವರದಿ. ಮಾವಿನಹಣ್ಣು ಮಾಗಿತ್ತೋ ಇಲ್ಲವೋ ಎಂದು ಕೇಳಿದ ಸ್ವಾಮಿ ಅದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದ. ಚೀಲಗಳು ಆಮೇಲೆ ಎಷ್ಟು ಹಗುರವಾದವು ಎಂಬುದನ್ನು ಓದುಗರು ತಮ್ಮ ಮನೆಯ ಬಾಗಿಲಲ್ಲೇ ತೂಗಿ ನೋಡಬಹುದು.

ಶಂಕರ್ ನಾಗ್ ಈ ವರದಿ ನೋಡಲು ಉಳಿಯಲಿಲ್ಲ. 1990ರ ಸೆಪ್ಟೆಂಬರ್ 30ರಂದು, ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಹೊರಟವರು ದಾವಣಗೆರೆ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಮೂವತ್ತೈದು. ಮಾಲ್ಗುಡಿಯ 39 ಕಂತುಗಳನ್ನು ಮುಗಿಸಿಟ್ಟಿದ್ದರು. ಬಹಳ ವರ್ಷಗಳ ಮೇಲೆ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಇನ್ನೂ 15 ಕಂತುಗಳು ಸೇರಿದವು. ನಾರಾಯಣ್ 2001ರಲ್ಲಿ, ವೈಶಾಲಿ ಕಾಸರವಳ್ಳಿ 2010ರಲ್ಲಿ, ಕಾರ್ನಾಡ್ 2019ರಲ್ಲಿ ಅಗಲಿದರು.

ಉಳಿದದ್ದು ರೈಲು ನಿಲ್ದಾಣದ ಮಾತು. ಆಗುಂಬೆಗೆ ರೈಲಿಲ್ಲ. ಅನಮೋಡದವರಿಗಾದರೆ ಕ್ಯಾಸಲ್‌ರಾಕ್ ಹತ್ತಿರದಲ್ಲೇ ಇದೆ. ಗೋವೆ ಪೋರ್ಚುಗೀಸರ ಕೈಯಲ್ಲಿದ್ದ 1961ರವರೆಗೆ ಗಡಿಯ ನಿಲ್ದಾಣವಾಗಿದ್ದ, ಕಾಡಿನ ನಡುವಿನ ಆ ಕಲ್ಲಿನ ನಿಲ್ದಾಣ ನೋಡಿದವರಿಗೆ ನಾರಾಯಣರ ಕಣ್ಣೆದುರು ತೇಲಿ ಬಂದದ್ದು ಏನೆಂದು ಊಹಿಸಲು ಕಷ್ಟವಾಗದು. ಶಂಕರ್ ನಾಗ್ ತಂಡ ತನ್ನ ನಿಲ್ದಾಣವನ್ನು ಹುಡುಕಿಕೊಂಡದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳಿನಲ್ಲಿ. ಮೀಟರ್‌ಗೇಜ್ ಹಳಿ ಬ್ರಾಡ್‌ಗೇಜ್ ಆದಮೇಲೆ ಅಲ್ಲಿನ ಹಳೆಯ ಕಟ್ಟಡ ಕೆಲಸವಿಲ್ಲದೆ ಪಾಳುಬಿದ್ದಿತ್ತು. ನೈರುತ್ಯ ರೈಲ್ವೆ ಅದನ್ನು ಕೆಡವದೆ ದುರಸ್ತಿ ಮಾಡಿಸಿ, 2020ರಲ್ಲಿ ‘ಮಾಲ್ಗುಡಿ’ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಒಳಗೆ ಕಥೆಯ ಪಾತ್ರಗಳನ್ನು ರೂಪಿಸಲು ಕರೆದದ್ದು ಅದೇ ಜಾನ್ ದೇವರಾಜ್ ಅವರನ್ನು. ಕಾದಂಬರಿಯ ಕೊನೆಯಲ್ಲಿ ಗೆಳೆಯ ರಾಜಂ ಊರು ಬಿಟ್ಟು ಹೊರಡುವಾಗ ಸ್ವಾಮಿ ಆಂಡರ್ಸನ್ ಕಥೆಗಳ ಪುಸ್ತಕ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಾನೆ, ರೈಲು ಚಲಿಸುತ್ತಿರುತ್ತದೆ. ಅರಸಾಳಿನಲ್ಲಿ ಈಗ ಆ ಪ್ಲಾಟ್‌ಫಾರ್ಮಿನ ಮೇಲೆ ಶಾಲಾ ಮಕ್ಕಳು ಪ್ರವಾಸಕ್ಕೆ ಬಂದು ಸಾಲಾಗಿ ನಿಲ್ಲುತ್ತಾರೆ.